ಐವತ್ತೆಂಟು ಎಂದರೆ ಎಷ್ಟು?

ಸಂಜೆ ಐದು ಗಂಟೆ. ಶಾಲೆಯ ವ್ಯಾನಿನಿಂದ ಇಳಿದು ಬಂದ ಮೂರನೆಯ ತರಗತಿಯ ಬಾಲಕಿ ಚೀಲದಿಂದ ನಾಲ್ಕು ಮಡಿಕೆಯಾಗಿದ್ದ ಕಾಗದವೊಂದನ್ನು ತೆಗೆದು ತಾಯಿಯ ಕೈಗಿತ್ತು, ಉಪ್ಪಿಟ್ಟಿನ ತಟ್ಟೆಯ ಮುಂದೆ ಕುಳಿತಳು. ತಾಯಿ ಕಾಗದವನ್ನು ಬಿಡಿಸಿ ನೋಡಿದರು. ನೀಲಿ ಗೆರೆಗಳು, ಕಂಬದಂತಹ ಚಿತ್ರಗಳು, ಅರ್ಥವಾಗದ ಒಂದೆರಡು ಶಬ್ದಗಳು. ಎಲ್ಲಕ್ಕೂ ಕೆಳಗೆ ದಪ್ಪಕ್ಷರದಲ್ಲಿ ಒಂದು ಸಾಲು: ಗಣಿತ, ಪರ್ಸೆಂಟೈಲ್ 58.

"ಐವತ್ತೆಂಟೇ! ಹೋದ ತಿಂಗಳ ಟೆಸ್ಟಿನಲ್ಲಿ ಎಂಬತ್ತು ಬಂದಿತ್ತಲ್ಲ!"

ಕಚೇರಿಯಿಂದ ಬಂದ ತಂದೆ ಕಾಲಿನ ಷೂ ಬಿಚ್ಚುವುದಕ್ಕೆ ಮೊದಲೇ ಕಾಗದ ಅವರ ಕೈ ಸೇರಿತು. ಅವರು ಅದನ್ನು ಎರಡು ಸಲ ಓದಿ, "ಟ್ಯೂಷನ್ನಿಗೆ ಹಾಕೋಣವೇನು?" ಎಂದರು. ಒಳಗಿನಿಂದ ಅಜ್ಜಿಯ ದನಿ ಕೇಳಿತು: "ಮೂರನೇ ಕ್ಲಾಸಿಗೇ ಅದೇನಪ್ಪಾ ಅಂಥಾ ಪರೀಕ್ಷೆ?" ಯಾರೂ ಬಾಲಕಿಯನ್ನು ಗದರಿರಲಿಲ್ಲ. ಆದರೂ ಅವಳು ತಿನ್ನುವುದನ್ನು ನಿಲ್ಲಿಸಿದ್ದಳು. ತನ್ನಿಂದ ಏನೋ ಆಗಬಾರದ್ದು ಆಗಿಹೋಗಿದೆ ಎಂಬುದು ಮಕ್ಕಳಿಗೆ ತಿಳಿಯಲು ಗದರಿಕೆಯೇ ಬೇಕೆಂದಿಲ್ಲ.

ಇಂತಹ ಸಂಜೆ ಇಂದು ನಮ್ಮ ನಗರಗಳ ಎಷ್ಟೋ ಮನೆಗಳಲ್ಲಿ ಬರುತ್ತದೆ. ಹಿಂದಿನ ಕಾಲದಲ್ಲಿ ಪ್ರಾಥಮಿಕ ಶಾಲೆಯ ಪರೀಕ್ಷೆಯೆಂದರೆ ಮೇಷ್ಟರು ಕರಿಹಲಗೆಯ ಮೇಲೆ ಬರೆದ ಹತ್ತು ಪ್ರಶ್ನೆಗಳು. ನೂರಕ್ಕೆ ಇಷ್ಟು ಎಂದರೆ ಮನೆಮಂದಿಗೆಲ್ಲ ಅರ್ಥವಾಗುತ್ತಿತ್ತು. ಈಗ ಅದರ ಜೊತೆಗೆ 'ಸ್ಟ್ಯಾಂಡರ್ಡೈಸ್ಡ್ ಟೆಸ್ಟ್', ಎಂದರೆ ಪ್ರಮಾಣೀಕೃತ ಪರೀಕ್ಷೆ, ಬಂದು ಕುಳಿತಿದೆ. ಏಳೆಂಟು ವರ್ಷದ ಮಕ್ಕಳು ಅದನ್ನು ಬರೆಯುತ್ತಾರೆ. ಫಲಿತಾಂಶವನ್ನು ಓದಬೇಕಾದವರು ತಂದೆತಾಯಿಗಳು. ಓದುವ ಬಗೆಯನ್ನು ಮಾತ್ರ ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಮೊದಲು ಆ ಮನೆಯ ಐವತ್ತೆಂಟರ ವಿಚಾರವನ್ನೇ ನೋಡಬಹುದು. ತಾಯಿ ಅದನ್ನು ನೂರಕ್ಕೆ ಐವತ್ತೆಂಟು ಎಂದು ಓದಿದರು. ಅದು ಹಾಗಲ್ಲ. ಪರೀಕ್ಷೆಯಲ್ಲಿದ್ದ ಪ್ರಶ್ನೆಗಳು 40. ಬಾಲಕಿ ಸರಿಯಾಗಿ ಉತ್ತರಿಸಿದ್ದು 26. ಶೇಕಡಾವಾರು ಲೆಕ್ಕದಲ್ಲಿ ಅದು 65. ಪರ್ಸೆಂಟೈಲ್ ಎಂಬುದು ಬೇರೆಯೇ ಒಂದು ಲೆಕ್ಕ. ಅದೇ ತರಗತಿಯ ನೂರು ಮಕ್ಕಳನ್ನು ಅಂಕಗಳ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಈ ಮಗುವಿಗಿಂತ ಕಡಿಮೆ ಪಡೆದವರು 58 ಮಂದಿ ಎಂದು ಅದರ ಅರ್ಥ. ಎಂದರೆ ಬಾಲಕಿ ಸಾಲಿನ ನಡುವಿಗಿಂತ ಸ್ವಲ್ಪ ಮುಂದೆಯೇ ನಿಂತಿದ್ದಾಳೆ. ಹೋದ ತಿಂಗಳ ಎಂಬತ್ತು ನೂರಕ್ಕೆ ಬಂದ ಅಂಕ, ಈ ತಿಂಗಳ ಐವತ್ತೆಂಟು ಸಾಲಿನಲ್ಲಿ ಸಿಕ್ಕಿದ ಸ್ಥಾನ. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು 'ಇಳಿದಳು' ಎನ್ನುವುದು, ಮೊಳದಲ್ಲಿ ಅಳೆದ ಬಟ್ಟೆಯನ್ನೂ ಸೇರಿನಲ್ಲಿ ಅಳೆದ ಅಕ್ಕಿಯನ್ನೂ ಹೋಲಿಸಿದ ಹಾಗೆ.

ಸೇರಿನ ಮಾತು ಬಂದದ್ದು ಒಳ್ಳೆಯದೇ ಆಯಿತು. ಒಂದು ಕಾಲದಲ್ಲಿ ನಮ್ಮಲ್ಲಿ ಊರಿಗೊಂದು ಸೇರು, ಅಂಗಡಿಗೊಂದು ಪಾವು ಇದ್ದವು. ದೇಶಕ್ಕೆಲ್ಲ ಒಂದೇ ತೂಕ, ಒಂದೇ ಅಳತೆ ಎಂದು 1956ರಲ್ಲಿ ಕಾಯಿದೆಯಾದ ಮೇಲೆ ಆ ಗೊಂದಲ ಕಳೆಯಿತು. ಪರೀಕ್ಷೆಯನ್ನು ಪ್ರಮಾಣೀಕರಿಸುವುದೆಂದರೂ ಹೆಚ್ಚುಕಡಮೆ ಇದೇ. ಎಲ್ಲ ಮಕ್ಕಳಿಗೂ ಅವೇ ಪ್ರಶ್ನೆಗಳು, ಅವೇ ಸೂಚನೆಗಳು, ಅಷ್ಟೇ ಸಮಯ, ಅಂಕ ಕೊಡುವುದಕ್ಕೆ ಅದೇ ನಿಯಮ. ಅದಕ್ಕಿಂತ ಮುಖ್ಯವಾದುದು, ಪ್ರಶ್ನೆಗಳನ್ನು ಮೊದಲು ದೊಡ್ಡದೊಂದು ಮಕ್ಕಳ ಗುಂಪಿಗೆ ಕೊಟ್ಟು ನೋಡಿ, ಈ ವಯಸ್ಸಿನವರು ಸಾಮಾನ್ಯವಾಗಿ ಎಷ್ಟು ಮಾಡಬಲ್ಲರು ಎಂದು ಕಂಡುಕೊಂಡಿರುವುದು. ನಿಮ್ಮ ಮಗುವನ್ನು ಹೋಲಿಸುವುದು ಆ ಗುಂಪಿನೊಡನೆ. ಆದುದರಿಂದ ಫಲಿತಾಂಶದ ಕಾಗದ ಕೈಗೆ ಬಂದಾಗ ತಂದೆತಾಯಿಗಳು ಕೇಳತಕ್ಕ ಮೊದಲ ಪ್ರಶ್ನೆ 'ಎಷ್ಟು ಬಂತು' ಎಂಬುದಲ್ಲ, 'ಯಾರೊಡನೆ ಹೋಲಿಸಿ ಹೇಳಿದ್ದಾರೆ' ಎಂಬುದು. ರಾಜ್ಯದ ಎಲ್ಲ ಬಗೆಯ ಶಾಲೆಗಳಿಂದ ಆರಿಸಿದ ಮಕ್ಕಳೊಡನೆಯೋ, ಶುಲ್ಕ ಕೊಟ್ಟು ಬರೆದ ನಗರದ ಮಕ್ಕಳೊಡನೆ ಮಾತ್ರವೋ? ಒಲಿಂಪಿಯಾಡ್ ಎಂಬ ಭಾರೀ ಹೆಸರು ಹೊತ್ತು ಒಂದನೆಯ ತರಗತಿಯವರಿಗೂ ನಡೆಯುವ ಖಾಸಗಿ ಪರೀಕ್ಷೆಗಳಲ್ಲಿ ಸಾಲಿನಲ್ಲಿ ನಿಂತವರೆಲ್ಲ ಹಣ ಕಟ್ಟಿ, ಅಭ್ಯಾಸ ಮಾಡಿ ಬಂದವರೇ. ಅಲ್ಲಿ ನಡುವೆ ನಿಂತ ಮಗು ಊರಿನ ಎಲ್ಲ ಮಕ್ಕಳ ಸಾಲಿನಲ್ಲಿ ಎಲ್ಲಿ ನಿಲ್ಲುತ್ತಿತ್ತೋ ಆ ಕಾಗದದಿಂದ ತಿಳಿಯದು.

ಪುಟ್ಟ ಮಕ್ಕಳನ್ನು ಹೀಗೆ ಅಳೆಯುವ ಯೋಚನೆ ಹುಟ್ಟಿದ್ದು ಯಾತಕ್ಕಾಗಿ ಎಂಬುದನ್ನು ತಿಳಿದರೆ ಇಂದಿನ ಕಳವಳ ಎಷ್ಟೋ ಕಡಿಮೆಯಾದೀತು. ಅದು ಮಕ್ಕಳಲ್ಲಿ ಹೆಚ್ಚು ಕಡಿಮೆ ಎಣಿಸುವುದಕ್ಕಾಗಿ ಹುಟ್ಟಿದ್ದಲ್ಲ.

ಫ್ರಾನ್ಸ್ ದೇಶದಲ್ಲಿ 1882ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಯಿತು. ಅದುವರೆಗೆ ಶಾಲೆಯ ಮೆಟ್ಟಿಲನ್ನೇ ಹತ್ತದಿದ್ದ ಎಷ್ಟೋ ಮಕ್ಕಳು ತರಗತಿಗೆ ಬಂದರು. ಕೆಲವರಿಗೆ ಪಾಠ ಹತ್ತಲಿಲ್ಲ. ಯಾರಿಗೆ ವಿಶೇಷ ನೆರವು ಬೇಕು ಎಂದು ಗುರುತಿಸುವುದು ಹೇಗೆ? ಉಪಾಧ್ಯಾಯರ ಮಾತನ್ನೇ ನಂಬಿದರೆ ತುಂಟ ಹುಡುಗ ದಡ್ಡರ ಪಟ್ಟಿಗೆ ಸೇರಬಹುದು, ನಿಜವಾಗಿ ಹಿಂದುಳಿದ ಸಾಧು ಹುಡುಗಿ ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ಕುಳಿತಿರಬಹುದು. 1904ರಲ್ಲಿ ಸರ್ಕಾರ ಈ ಬಗ್ಗೆ ಆಯೋಗವೊಂದನ್ನು ನೇಮಿಸಿತು. ಮರುವರ್ಷ ಆಲ್‌ಫ್ರೆಡ್ ಬಿನೆ ಎಂಬ ಮನಶ್ಶಾಸ್ತ್ರಜ್ಞರು ವೈದ್ಯರಾದ ತಿಯೊಡೋರ್ ಸಿಮೋನರೊಡನೆ ಸೇರಿ ಸುಲಭದಿಂದ ಕಠಿಣಕ್ಕೆ ಏರುವ ಮೂವತ್ತು ಪುಟ್ಟ ಪರೀಕ್ಷೆಗಳನ್ನು ಹೊಂದಿಸಿದರು. ಉರಿಯುವ ಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದು, ಚಿತ್ರದಲ್ಲಿರುವ ವಸ್ತುಗಳ ಹೆಸರು ಹೇಳುವುದು, ಮೂರು ಅಂಕಿಗಳನ್ನು ಕೇಳಿ ಮತ್ತೆ ನುಡಿಯುವುದು, ಎರಡು ಗೆರೆಗಳಲ್ಲಿ ಉದ್ದವಾದುದನ್ನು ತೋರಿಸುವುದು, ಇಂಥವು. 1908ರಲ್ಲಿ ಅವನ್ನು ಮೂರು ವರ್ಷದಿಂದ ಹದಿಮೂರು ವರ್ಷದವರೆಗೆ ವಯಸ್ಸಿನ ಪ್ರಕಾರ ಜೋಡಿಸಿದರು.

ಬಿನೆಯವರ ಮನಸ್ಸಿನಲ್ಲಿದ್ದುದು ಇಷ್ಟೇ: ಹಿಂದುಳಿದ ಮಗುವನ್ನು ಗುರುತಿಸಬೇಕು, ಗುರುತಿಸಿ ಮುಂದಕ್ಕೆ ತರಬೇಕು. ಬುದ್ಧಿಯೆಂಬುದು ಹುಟ್ಟಿನಿಂದಲೇ ಇಷ್ಟೆಂದು ಅಳೆದು ಕೊಟ್ಟದ್ದು, ಮುಂದೆ ಬೆಳೆಯುವಂತಹುದಲ್ಲ ಎಂಬ ಮಾತನ್ನು ಅವರು 1909ರ ತಮ್ಮ ಪುಸ್ತಕದಲ್ಲಿ ಬಲವಾಗಿ ವಿರೋಧಿಸಿದರು. ಹಿಂದುಳಿದ ಮಕ್ಕಳ ಗಮನಶಕ್ತಿಯನ್ನು ಬೆಳೆಸಲು ವ್ಯಾಯಾಮಗಳನ್ನೂ ಸೂಚಿಸಿದರು. ಅವುಗಳಲ್ಲೊಂದು, ಉಪಾಧ್ಯಾಯರು ಸನ್ನೆ ಮಾಡಿದೊಡನೆ ಮಕ್ಕಳೆಲ್ಲ ಇದ್ದ ಭಂಗಿಯಲ್ಲೇ ವಿಗ್ರಹಗಳಂತೆ ನಿಂತುಬಿಡುವುದು. ನಮ್ಮ ಬೀದಿಯ ಮಕ್ಕಳು 'ಸ್ಟ್ಯಾಚ್ಯೂ' ಎಂದು ಕೂಗಿ ಆಡುವ ಆಟವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಟವೆಂದು ನಾವು ತಳ್ಳಿಹಾಕುವುದರಲ್ಲಿ ಆ ವಿದ್ವಾಂಸರಿಗೆ ಔಷಧ ಕಂಡಿತ್ತು!

ಬಿನೆ 1911ರಲ್ಲಿ ತೀರಿಕೊಂಡರು. ಮರುವರ್ಷ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಬೇಕೆಂದರು. 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಆ ಭಾಗಲಬ್ಧವನ್ನು ನೂರರಿಂದ ಗುಣಿಸಿ ಬಳಕೆಗೆ ತಂದರು. ಅದೇ ಇಂದು ಎಲ್ಲರ ಬಾಯಲ್ಲಿರುವ ಐ.ಕ್ಯೂ., ನಮ್ಮ ಪಠ್ಯಪುಸ್ತಕಗಳ ಬುದ್ಧಿಲಬ್ಧ. ನೆರವಿಗೆಂದು ಹುಟ್ಟಿದ ಅಳತೆ ಹಣೆಗೆ ಹಚ್ಚುವ ಮುದ್ರೆಯಾದದ್ದು ಹೀಗೆ.

ಈ ಕಥೆಗೆ ಕನ್ನಡದ ನಂಟೂ ಉಂಟು. ಬಿನೆಯವರ ಅಳತೆಯನ್ನು ಭಾರತದ ಮಕ್ಕಳಿಗೆ ಹೊಂದಿಸಿದವರಲ್ಲಿ ಬಹು ಪ್ರಸಿದ್ಧರಾದವರು ಡಾ. ವಿ. ವಿ. ಕಾಮತರು. ಅವರು ತೆಗೆದುಕೊಂಡದ್ದು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳನ್ನು. ಕೆಲಸದ ವರದಿ 1934ರಲ್ಲಿ ಇಂಗ್ಲೆಂಡಿನ ಶಿಕ್ಷಣ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಬಂದಿತು. 1940ರಲ್ಲಿ ಪುಸ್ತಕ ಹೊರಬಿದ್ದಿತು. ಮುಂಬಯಿ ಕರ್ನಾಟಕದ ಹೆಸರು ಹೊತ್ತ ಆ ಪರಿಷ್ಕರಣ 'ಬಿನೆ-ಕಾಮತ್ ಪರೀಕ್ಷೆ' ಎಂದು ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಬುದ್ಧಿಬೆಳವಣಿಗೆಯ ಕೊರತೆಯನ್ನು ಗುರುತಿಸಲು ಬಳಕೆಯಲ್ಲಿದೆ.

ಕಾಮತರು ಭಾಷಾಂತರವನ್ನಷ್ಟೇ ಮಾಡಿ ಕೈಬಿಡಬಹುದಾಗಿತ್ತಲ್ಲ ಎಂದು ಯಾರಿಗಾದರೂ ತೋರಬಹುದು. ಅದು ಸಾಲದು. ಬಿನೆಯವರ ಒಂದು ಪ್ರಶ್ನೆಯಲ್ಲಿ ಮೂರು ಶಬ್ದಗಳನ್ನು ಕೊಟ್ಟು ವಾಕ್ಯ ಮಾಡಿರೆಂದು ಕೇಳುತ್ತಿದ್ದರು. ಆ ಮೂರರಲ್ಲಿ ಒಂದು ಪ್ಯಾರಿಸ್. ಪ್ಯಾರಿಸ್ಸಿನ ಹುಡುಗನಿಗೆ ಅದು ಮನೆಯಂಗಳದ ಮಾತು, ಹಾವೇರಿಯ ಹುಡುಗನಿಗೆ ಕೇಳಿಯೇ ಅರಿಯದ ಊರು. ಇನ್ನೊಂದು ಪ್ರಶ್ನೆಯಲ್ಲಿ ಎರಡು ಮುಖಗಳನ್ನು ತೋರಿಸಿ ಯಾವುದು ಚೆಲುವೆಂದು ಕೇಳುತ್ತಿದ್ದರು. ಚೆಲುವಿನ ಲೆಕ್ಕ ಊರೂರಿಗೆ ಬೇರೆ. ಇಂತಹ ಕಡೆ ಮಗು ತಪ್ಪಿದರೆ ತಪ್ಪಿದ್ದು ಬುದ್ಧಿಯಲ್ಲ. ಇದು ಹಳೆಯ ಮಾತೆಂದು ನಗುವಂತೆಯೂ ಇಲ್ಲ. ಮನೆಯಲ್ಲಿ ಕನ್ನಡವೋ ತುಳುವೋ ಉರ್ದುವೋ ಆಡುವ ಏಳು ವರ್ಷದ ಮಗು ಇಂದು ಗಣಿತದ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯುತ್ತದೆ. 'ಇಬ್ಬರ ಬಳಿ ಇರುವ ಮಾವಿನಹಣ್ಣುಗಳ ವ್ಯತ್ಯಾಸವೆಷ್ಟು' ಎಂಬ ಲೆಕ್ಕವನ್ನು ಬಾಯಿಯಲ್ಲಿ ಥಟ್ಟನೆ ಹೇಳುವ ಮಗು, ಅದೇ ಲೆಕ್ಕ ಇಂಗ್ಲಿಷಿನ ಮೂರು ಸಾಲುಗಳಾಗಿ ಎದುರು ನಿಂತಾಗ ಕೂಡಿಸಿಬಿಡುತ್ತದೆ. ಗಣಿತದ ಕಾಲಂನಲ್ಲಿ ಬಿದ್ದ ಆ ಸೊನ್ನೆ ನಿಜವಾಗಿ ಭಾಷೆಯ ಕಾಲಂನಲ್ಲಿ ಬೀಳಬೇಕಾದದ್ದು.

ಬಿನೆ-ಕಾಮತ್ ಪರೀಕ್ಷೆಯಿಂದ ತಿಳಿಯಬೇಕಾದುದು ಇನ್ನೊಂದಿದೆ. ಹೋಲಿಕೆಯ ಗುಂಪು ಹಳತಾಗುತ್ತದೆ. 1930ರ ದಶಕದ ಮಕ್ಕಳೊಡನೆ ಇಂದಿನ ಮಗುವನ್ನು ಹೋಲಿಸುವುದು ಎಷ್ಟು ಸರಿ ಎಂದು ತಜ್ಞರು ಕೇಳುತ್ತಲೇ ಬಂದಿದ್ದಾರೆ. ಜೇಮ್ಸ್ ಫ್ಲಿನ್ ಎಂಬ ವಿದ್ವಾಂಸರು 1984ರಲ್ಲಿ ತೋರಿಸಿದಂತೆ, ಅಮೆರಿಕದಲ್ಲಿ 1932ರಿಂದ 1978ರವರೆಗೆ ಐ.ಕ್ಯೂ. ಪರೀಕ್ಷೆಗಳ ಸರಾಸರಿ ಸುಮಾರು 14 ಅಂಕಗಳಷ್ಟು ಏರಿತ್ತು. ಹಳೆಯ ಗುಂಪಿನೊಡನೆ ಹೋಲಿಸಿದರೆ ಹೊಸ ಮಗು ಇದ್ದುದಕ್ಕಿಂತ ಜಾಣನಾಗಿ ಕಾಣುತ್ತದೆ. ಹಿಗ್ಗಬೇಕೋ ಬೇಡವೋ ಎಂದು ತೀರ್ಮಾನಿಸುವ ಮೊದಲು ಗುಂಪು ಯಾವ ವರ್ಷದ್ದೆಂದು ವಿಚಾರಿಸುವುದು ಲೇಸು.

ಈಗ ಸರ್ಕಾರದ ಪರೀಕ್ಷೆಗಳ ಮಾತು. ಇಲ್ಲಿಯೇ ತಂದೆತಾಯಿಗಳ ಗಲಿಬಿಲಿ ಎಲ್ಲಕ್ಕಿಂತ ಹೆಚ್ಚು. 2021ರ ನವೆಂಬರ್ 12ರಂದು ದೇಶದ 720 ಜಿಲ್ಲೆಗಳ ಸುಮಾರು 1.18 ಲಕ್ಷ ಶಾಲೆಗಳಲ್ಲಿ 34 ಲಕ್ಷ ಮಕ್ಕಳು ರಾಷ್ಟ್ರೀಯ ಸಾಧನಾ ಸಮೀಕ್ಷೆಯನ್ನು ಬರೆದರು. ಮೂರನೆಯ ತರಗತಿಯವರೂ ಅದರಲ್ಲಿದ್ದರು. 2024ರ ಡಿಸೆಂಬರ್ 4ರಂದು ಅದರ ಸ್ಥಾನದಲ್ಲಿ 'ಪರಖ್' ಹೆಸರಿನ ಸಮೀಕ್ಷೆ 781 ಜಿಲ್ಲೆಗಳಲ್ಲಿ ನಡೆಯಿತು. ಈ ಸಲ ಮೂರು, ಆರು, ಒಂಬತ್ತನೆಯ ತರಗತಿಗಳು. ಮಕ್ಕಳ ಸಂಖ್ಯೆ 21 ಲಕ್ಷಕ್ಕೂ ಹೆಚ್ಚು. ಇಂತಹ ಪರೀಕ್ಷೆಗೆ ತಮ್ಮ ಶಾಲೆ ಆಯ್ಕೆಯಾಯಿತೆಂದು ತಿಳಿದೊಡನೆ ಮಾದರಿ ಪ್ರಶ್ನೆಗಳನ್ನು ಉರುಹೊಡೆಸುವ ಮನೆಗಳಿವೆ. ಅದು ಮಳೆ ಅಳೆಯುವ ಪಾತ್ರೆಗೆ ಕೊಡದಿಂದ ನೀರು ಸುರಿದ ಹಾಗೆ. ಏಕೆಂದರೆ ಈ ಸಮೀಕ್ಷೆ ಅಳೆಯುವುದು ಮಗುವನ್ನಲ್ಲ. ಆಯ್ದ ಶಾಲೆಗಳಲ್ಲಿ ತರಗತಿಗೆ ಹೆಚ್ಚೆಂದರೆ 30 ಮಕ್ಕಳನ್ನು ಆರಿಸಿ, ಅವರ ಉತ್ತರಗಳಿಂದ ಜಿಲ್ಲೆಯ, ರಾಜ್ಯದ, ದೇಶದ ಕಲಿಕೆಯ ಸ್ಥಿತಿಯನ್ನು ಊಹಿಸುತ್ತಾರೆ. ಇಂಥ ಮಗುವಿಗೆ ಇಷ್ಟು ಬಂತು ಎಂಬ ಅಂಕಪಟ್ಟಿ ಅದರಲ್ಲಿ ಇಲ್ಲ. 2024ರ ಸಮೀಕ್ಷೆಯಲ್ಲಿ ಒಂದರಿಂದ 99ರವರೆಗಿನ ಸಂಖ್ಯೆಗಳನ್ನು ಏರಿಕೆ ಇಳಿಕೆಯ ಕ್ರಮದಲ್ಲಿ ಬರೆಯಬಲ್ಲ ಮೂರನೆಯ ತರಗತಿಯ ಮಕ್ಕಳು ಶೇಕಡಾ 55 ಎಂದು ತಿಳಿದುಬಂದಿತು. ನಾಚಬೇಕಾದವರು ಇದ್ದರೆ ಅವರು ಎಂಟು ವರ್ಷದವರಲ್ಲ.

'ಅಸರ್' ಎಂಬ ಸಮೀಕ್ಷೆಯ ರೀತಿ ಬೇರೆ. 'ಪ್ರಥಮ್' ಸಂಸ್ಥೆಯವರು 2005ರಲ್ಲಿ ಆರಂಭಿಸಿದ ಇದರಲ್ಲಿ ಸ್ವಯಂಸೇವಕರು ಹಳ್ಳಿಯ ಮನೆಗಳಿಗೇ ಹೋಗಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತಾರೆ. ಮೊದಲು ಅಕ್ಷರ, ಆಮೇಲೆ ಶಬ್ದ, ಆಮೇಲೆ ಒಂದನೆಯ ತರಗತಿಯ ಮಟ್ಟದ ನಾಲ್ಕು ಸಾಲು, ಕೊನೆಗೆ ಎರಡನೆಯ ತರಗತಿಯ ಮಟ್ಟದ ಪುಟ್ಟ ಕಥೆ. ಗಣಿತದಲ್ಲಿ ಅಂಕಿಗಳನ್ನು ಗುರುತಿಸುವುದು, ದಶಕ ತಂದು ಕಳೆಯುವುದು, ಭಾಗಾಕಾರ. 2024ರ ವರದಿಯ ಪ್ರಕಾರ ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳ ಮೂರನೆಯ ತರಗತಿಯವರಲ್ಲಿ ಎರಡನೆಯ ತರಗತಿಯ ಕಥೆಯನ್ನು ಓದಬಲ್ಲವರು ಶೇಕಡಾ 23.4. 2022ರಲ್ಲಿ ಅದು 16.3 ಇತ್ತು. ಈ ಪರೀಕ್ಷೆಯಲ್ಲಿ ಒಂದು ಸೊಗಸಿದೆ. ಇದನ್ನು ಯಾವ ತಾಯಿಯಾದರೂ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಹತ್ತು ನಿಮಿಷದಲ್ಲಿ ಮಾಡಬಹುದು. ಮಗು ಹಿಂದೆ ನೋಡಿರದ ಕಥೆಯೊಂದನ್ನು ಗಟ್ಟಿಯಾಗಿ ಓದಿಸಿ, 'ಆಮೇಲೆ ನರಿ ಯಾಕೆ ಓಡಿಹೋಯಿತು?' ಎಂದು ಕೇಳಿದರೆ ಸಾಕು, ಬಣ್ಣದ ಕಂಬಗಳ ಕಾಗದ ಹೇಳದ ಎಷ್ಟೋ ಸಂಗತಿ ತಿಳಿಯುತ್ತದೆ.

ಮೂರನೆಯ ಬಗೆಯೊಂದಿದೆ, ಮಗುವಿನ ಹಣೆಬರಹವನ್ನೇ ಮುಟ್ಟುವಂತಹುದು. ಕರ್ನಾಟಕದಲ್ಲಿ 2023ರ ಮಾರ್ಚಿಯಲ್ಲಿ ಐದು ಮತ್ತು ಎಂಟನೆಯ ತರಗತಿಗಳಿಗೆ ರಾಜ್ಯಕ್ಕೆಲ್ಲ ಒಂದೇ ಮೌಲ್ಯಾಂಕನ ನಡೆದಾಗ ಮನೆಮನೆಯಲ್ಲೂ ಅದೇ ಚರ್ಚೆ. ಯಾರನ್ನೂ ನಪಾಸು ಮಾಡುವುದಿಲ್ಲವೆಂದು ಸರ್ಕಾರ ಹೇಳಿತು. ಹೆಸರೇ ಬೋರ್ಡ್ ಪರೀಕ್ಷೆಯೆಂದು ಹಬ್ಬಿದ ಮೇಲೆ ಆ ಮಾತನ್ನು ಕೇಳುವವರಾರು? ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಬೇಡವೆಂದಿತು, ವಿಭಾಗೀಯ ಪೀಠ ಆಗಲೆಂದಿತು. ಮರುವರ್ಷ ಮತ್ತೆ ಅದೇ ಏರಿಳಿತ. ಕೊನೆಗೆ 2024ರ ಏಪ್ರಿಲ್ 8ರಂದು ಸರ್ವೋಚ್ಚ ನ್ಯಾಯಾಲಯ ಫಲಿತಾಂಶಗಳಿಗೆ ತಡೆಯಾಜ್ಞೆ ಕೊಟ್ಟಿತು. ಹತ್ತು ವರ್ಷದ ಮಗು ಪರೀಕ್ಷೆ ಬರೆದು, ಅದು ನಡೆದದ್ದು ಸರಿಯೋ ತಪ್ಪೋ ಎಂಬುದಕ್ಕಾಗಿ ದೆಹಲಿಯ ಕಡೆ ಮುಖ ಮಾಡಿ ಕುಳಿತಿರಬೇಕಾಯಿತು.

ಈ ಸಂದರ್ಭದಲ್ಲಿ ಕಾನೂನು ಏನೆನ್ನುತ್ತದೆಂದು ತಂದೆತಾಯಿಗಳು ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ 13ನೆಯ ಪ್ರಕರಣದಂತೆ ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಸೋಸುವ ಪರೀಕ್ಷೆ ಮಾಡುವಂತಿಲ್ಲ. ಪ್ರಾಥಮಿಕ ಶಿಕ್ಷಣ, ಎಂದರೆ ಎಂಟನೆಯ ತರಗತಿ, ಮುಗಿಯುವವರೆಗೆ ಯಾವ ಮಗುವೂ ಬೋರ್ಡ್ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾಗಿಲ್ಲ ಎಂದು 30ನೆಯ ಪ್ರಕರಣ ಹೇಳುತ್ತದೆ. 2019ರ ತಿದ್ದುಪಡಿಯಿಂದ ಐದು ಮತ್ತು ಎಂಟನೆಯ ತರಗತಿಗಳ ಕೊನೆಗೆ ಪರೀಕ್ಷೆ ನಡೆಸಲು, ತೇರ್ಗಡೆಯಾಗದವರಿಗೆ ಮತ್ತೆ ಪಾಠ ಹೇಳಿ ಎರಡು ತಿಂಗಳೊಳಗೆ ಮರುಪರೀಕ್ಷೆ ಮಾಡಲು ಅವಕಾಶವಾಯಿತು. ಅದರಲ್ಲೂ ತಪ್ಪಿದವರನ್ನು ಅದೇ ತರಗತಿಯಲ್ಲಿ ಇರಿಸಿಕೊಳ್ಳುವ ವಿಚಾರವನ್ನು ಸರ್ಕಾರಗಳಿಗೆ ಬಿಟ್ಟಿತು. ಒಂದರಿಂದ ನಾಲ್ಕನೆಯ ತರಗತಿಯ ಮಕ್ಕಳ ವಿಷಯದಲ್ಲಿ ಆ ಮಾತೂ ಇಲ್ಲ.

ಅಂಕದ ಒಳಗೆ ಅವಿತುಕೊಂಡಿರುವ ಮತ್ತೆರಡು ಸಂಗತಿಗಳನ್ನು ಹೇಳದೆ ಬಿಡುವಂತಿಲ್ಲ. ಮೊದಲನೆಯದು ವಯಸ್ಸು. ಒಂದನೆಯ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು ಕರ್ನಾಟಕದಲ್ಲಿ 2025-26ನೆಯ ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ಐದೂವರೆ ವರ್ಷದ ಮಗು ಮತ್ತು ಆರೂವರೆ ವರ್ಷದ ಮಗು ಒಂದೇ ಬೆಂಚಿನಲ್ಲಿ ಕುಳಿತರೆ, ದೊಡ್ಡವರಿಗೆ ಒಂದು ವರ್ಷವೇನು ಮಹಾ ಎನಿಸಬಹುದು. ಆ ಚಿಕ್ಕ ಮಗುವಿಗೆ ಅದು ತನ್ನ ಆಯುಷ್ಯದ ಆರನೆಯ ಒಂದು ಪಾಲಿಗೂ ಹೆಚ್ಚು. ಪೆನ್ಸಿಲ್ ಹಿಡಿಯುವ ಬೆರಳಿನ ಬಲದಲ್ಲಿ, ನಲವತ್ತು ನಿಮಿಷ ಕೂರುವ ತಾಳ್ಮೆಯಲ್ಲಿ ಆ ಅಂತರ ಎದ್ದು ಕಾಣುತ್ತದೆ. ಫಲಿತಾಂಶದ ಕಾಗದ ತರಗತಿಗೆ ಹೋಲಿಸಿ ಹೇಳುತ್ತದೆಯೋ ವಯಸ್ಸಿಗೆ ಹೋಲಿಸಿ ಹೇಳುತ್ತದೆಯೋ ಎಂದು ಕೇಳುವುದು ಇದಕ್ಕಾಗಿಯೇ.

ಎರಡನೆಯದು ಅಳತೆಯ ದೋಷ. ದಿನಸಿ ಅಂಗಡಿಯ ತಕ್ಕಡಿಯೂ ಒಂದಷ್ಟು ಅಲುಗಾಡುತ್ತದೆ. ಮಗುವಿನ ಮನಸ್ಸನ್ನು ತೂಗುವ ತಕ್ಕಡಿ ಅಲುಗಾಡದೆ ಇದ್ದೀತೆ? ಹಿಂದಿನ ರಾತ್ರಿ ಮದುವೆಮನೆಯಿಂದ ತಡವಾಗಿ ಬಂದದ್ದು, ಬೆಳಗ್ಗೆ ಹಾಲು ಕುಡಿಯದೆ ಹೋದದ್ದು, ಪಕ್ಕದವನು ರಬ್ಬರ್ ಕಿತ್ತುಕೊಂಡದ್ದು, ಎಲ್ಲವೂ ಅಂಕದಲ್ಲಿ ಬಂದು ಸೇರುತ್ತವೆ. ಸರಾಸರಿ 100 ಬರುವಂತೆ ರಚಿಸಿದ ಬಹಳ ಒಳ್ಳೆಯ ಪರೀಕ್ಷೆಯಲ್ಲಿಯೂ ನಾಲ್ಕೈದು ಅಂಕಗಳ ಏರುಪೇರು ಸಹಜ. 100 ಪಡೆದ ಮಗುವಿನ ನಿಜವಾದ ಸ್ಥಾನ 91ರಿಂದ 109ರೊಳಗೆ ಎಲ್ಲಿಯೋ ಇದೆಯೆಂದು ಹೇಳಬಹುದೇ ಹೊರತು ಅದಕ್ಕಿಂತ ಖಚಿತವಾಗಿ ಹೇಳಲಾಗದು. ಸಾಲಿನ ನಡುಭಾಗದಲ್ಲಂತೂ ಮಕ್ಕಳು ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ. ಮೇಲೆ ಹೇಳಿದ ಬಾಲಕಿ ಇನ್ನೆರಡು ಲೆಕ್ಕ ಸರಿ ಮಾಡಿದ್ದರೆ ಐವತ್ತೆಂಟು ಎಪ್ಪತ್ತರ ಹತ್ತಿರ ಹೋಗುತ್ತಿತ್ತು. ಎರಡು ತಪ್ಪಿದ್ದರೆ ನಲವತ್ತೈದರ ಸುತ್ತ ಇಳಿಯುತ್ತಿತ್ತು. ಎರಡು ಲೆಕ್ಕಗಳಿಗಾಗಿ ಮಗುವನ್ನು ಟ್ಯೂಷನ್ನಿಗೆ ಹಾಕುವ ಮನೆಗಳು ಬಹಳ, ಎರಡು ಲೆಕ್ಕ ಯಾವುವೆಂದು ವಿಚಾರಿಸುವ ಮನೆಗಳು ಕಡಿಮೆ.

ಹಾಗಾದರೆ ಈ ಪರೀಕ್ಷೆಗಳೇ ಬೇಡವೆ? ಹಾಗೆನ್ನುವುದೂ ತಪ್ಪಾದೀತು. ಓದಲು ಬಾರದ ಮಗು ಬಾಯಿಪಾಠದ ಬಲದಿಂದ ಮೂರು ವರ್ಷ ಯಾರಿಗೂ ಗೊತ್ತಾಗದಂತೆ ಸಾಗಿಬಿಡುವುದುಂಟು. ಕಣ್ಣು ಸರಿಯಾಗಿ ಕಾಣದ ಮಗುವನ್ನು ಅಲಕ್ಷ್ಯದವನೆಂದು ಬಯ್ಯುವುದುಂಟು. ಚೆನ್ನಾಗಿ ಮಾಡಿದ ಪರೀಕ್ಷೆ ಅಂತಹವರನ್ನು ಬೇಗ ಹಿಡಿದುಕೊಡುತ್ತದೆ. ಪರೀಕ್ಷೆಯೇ ಪಾಠದೊಳಗೆ ಬೆರೆತ ಮಾದರಿಯೂ ನಮ್ಮಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊಳೆತ 'ನಲಿ-ಕಲಿ' ಪದ್ಧತಿಯಲ್ಲಿ ಮಗು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದ ಕಾರ್ಡುಗಳನ್ನು ತನ್ನ ಗತಿಯಲ್ಲಿ ಹತ್ತುತ್ತದೆ. ಒಂದು ಮೆಟ್ಟಿಲು ಗಟ್ಟಿಯಾಯಿತೆಂದು ಕಂಡ ಮೇಲೆ ಮುಂದಿನದು. ನಗರದ ದುಬಾರಿ ಶಾಲೆಗಳ ತಂದೆತಾಯಿಗಳು ಸರ್ಕಾರಿ ಶಾಲೆಯ ಆ ಕಾರ್ಡುಗಳನ್ನು ಒಮ್ಮೆ ನೋಡಿಬಂದರೆ ನಷ್ಟವೇನೂ ಇಲ್ಲ.

ಆ ಮನೆಯ ತಂದೆತಾಯಿಗಳು ಶನಿವಾರ ಶಾಲೆಗೆ ಹೋದರು. ಉಪಾಧ್ಯಾಯಿನಿ ಕಾಗದದ ಇನ್ನೊಂದು ಹಾಳೆಯನ್ನು ತೋರಿಸಿದರು. ಅದು ಮನೆಗೆ ಕಳಿಸದೆ ಉಳಿದದ್ದು. ಅದರಲ್ಲಿ ನಲವತ್ತು ಪ್ರಶ್ನೆಗಳಿಗೂ ಒಂದೊಂದು ಗುರುತು. ಸರಿ 26, ತಪ್ಪು 8, ಬರೆಯದೆ ಬಿಟ್ಟದ್ದು 6. ಬಿಟ್ಟ ಆರೂ ಒಂದೇ ಕಡೆ ಇದ್ದವು, 35ರಿಂದ 40. ತಪ್ಪಾದ ಎಂಟರಲ್ಲಿ ಐದು ಒಂದೇ ಜಾತಿಯವು, ದಶಕ ತಂದು ಕಳೆಯುವ ಲೆಕ್ಕಗಳು. 42ರಲ್ಲಿ 17 ಕಳೆದರೆ 35 ಎಂದು ಬರೆದಿದ್ದಳು. ನಾಲ್ಕರಲ್ಲಿ ಒಂದು ಹೋದರೆ ಮೂರು, ಏಳರಲ್ಲಿ ಎರಡು ಹೋದರೆ ಐದು. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ಯಾರೋ ಹೇಳಿದ್ದನ್ನು ಅವಳು ಶ್ರದ್ಧೆಯಿಂದ ಪಾಲಿಸಿದ್ದಳು.

ಮನೆಗೆ ಬಂದು ತಾಯಿ ಮೆಲ್ಲಗೆ ಕೇಳಿದರು: "ಕೊನೇ ಆರು ಲೆಕ್ಕ ಯಾಕಮ್ಮಾ ಬಿಟ್ಟೆ? ಹೊತ್ತು ಸಾಲಲಿಲ್ವಾ?"

ಬಾಲಕಿ ಕಣ್ಣರಳಿಸಿದಳು. "ಹಾಳೆ ಹಿಂದೇನೂ ಇತ್ತಾ ಅಮ್ಮ?"

ಅವುಗಳಲ್ಲಿ ನಾಲ್ಕನ್ನು ಮಾಡಿದ್ದರೂ ಐವತ್ತೆಂಟು ಎಂಬತ್ತರ ಆಸುಪಾಸಿಗೆ ಏರುತ್ತಿತ್ತು. ತಂದೆ ಆ ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿಕೊಂಡು ಸುಮ್ಮನಾದರು. ಟ್ಯೂಷನ್ನಿನ ಮಾತು ಮತ್ತೆ ಬರಲಿಲ್ಲ. ಊಟವಾದ ಮೇಲೆ ಅವರು ಬೆಂಕಿಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಮಾಡಿ ದಾರದಿಂದ ಸುತ್ತಿದರು. ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ. "ಇದರಲ್ಲಿ ಅಜ್ಜಿಗೆ ಹದಿನೇಳು ಕಡ್ಡಿ ಕೊಡು ನೋಡೋಣ." ಅಜ್ಜಿ ಕೈಚಾಚಿ ಕುಳಿತರು. ಬಾಲಕಿ ಒಂದು ಕಟ್ಟನ್ನು ಹಾಗೆಯೇ ಕೊಟ್ಟಳು. ಎರಡು ಬಿಡಿ ಕಡ್ಡಿಗಳನ್ನೂ ಕೊಟ್ಟಳು. ಇನ್ನೈದು ಬೇಕು. ಉಳಿದ ಮೂರು ಕಟ್ಟುಗಳನ್ನು ತುಸು ಹೊತ್ತು ನೋಡುತ್ತ ಕುಳಿತು, ಕೊನೆಗೆ ಒಂದರ ದಾರವನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಎಲ್ಲ ಕೊಟ್ಟಾದ ಮೇಲೆ ತನ್ನ ಮುಂದೆ ಉಳಿದದ್ದನ್ನು ಎಣಿಸಿ, "ಇಪ್ಪತ್ತೈದು," ಎಂದಳು. ಆಮೇಲೆ ಇನ್ನೊಮ್ಮೆ ಎಣಿಸಿದಳು.